ಬೋರ್ಡೋ ಕೆಟ್ಟರೆ ಮೊದಲು ಸುಣ್ಣ ನೋಡಿ: ಅಡಿಕೆ ಔಷಧಿಯ ದೋಷ ಹುಡುಕುವ ಕೈಪಿಡಿ

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ಕೊನೆಗಳಿಗೆ, ಅಂದರೆ ಗೊನೆಗಳಿಗೆ, ಮೊದಲ ಸುತ್ತಿನ ಔಷಧಿ ಬಿದ್ದಿರಬೇಕು. 40–45 ದಿನ ಬಿಟ್ಟು ಎರಡನೆಯದು. ಔಷಧಿ ಎಂದರೆ ಕೊಳೆರೋಗ ತಡೆಯಲು ಮೈಲುತುತ್ತ, ಸುಣ್ಣ, ನೀರು ಬೆರೆಸಿ ಮಾಡುವ ಬೋರ್ಡೋ. ಮರ ಹತ್ತಿ ಹೊಡೆಯುವ ಕೊನೆಗೌಡ ಸಿಗುವ ದಿನ, ಮಳೆ ಬಿಡುವು ಕೊಡುವ ದಿನ, ಪಂಪು ಕೈಗೆ ಬರುವ ದಿನ ಮೂರೂ ಒಂದಾಗುವುದೇ ಅಪರೂಪ. ಅಂಥ ದಿನ ಬೆಳಿಗ್ಗೆ ಡ್ರಮ್ಮಿನಲ್ಲಿ ಏನೋ ಎಡವಟ್ಟಾದರೆ ಯಾರಿಗೂ ಯೋಚಿಸುವ ವ್ಯವಧಾನ ಇರುವುದಿಲ್ಲ. ಮೈಲುತುತ್ತ ಕೊಟ್ಟ ಅಂಗಡಿಯವನನ್ನು ನಾಲ್ಕು ಮಾತು ಬೈದು, ಇನ್ನೊಂದಿಷ್ಟು ಸುಣ್ಣ ಸುರಿದು, ಹೊಡೆದು ಕೈತೊಳೆದುಕೊಳ್ಳುವುದು ವಾಡಿಕೆ.

ಬೈಗುಳ ಬೀಳುವುದು ಮೈಲುತುತ್ತದ ಮೇಲೆ. ತಪ್ಪು ಮಾತ್ರ ಹೆಚ್ಚಿನ ಸಲ ಸುಣ್ಣದ್ದು. ಅದೂ ಅಲ್ಲವಾದರೆ ಬೆರೆಸಿದ ಕ್ರಮದ್ದು. ಯಾವುದು ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಒಂದು ಕಬ್ಬಿಣದ ಮೊಳೆ, ಒಂದು ಗಾಜಿನ ಲೋಟ, ಚಿಟಿಕೆ ಅರಿಶಿನ, ಸ್ವಲ್ಪ ವಿನೆಗರ್ ಇದ್ದರೆ ಸಾಕು. ಆದರೆ ಯಾವುದು ನೀರಿನಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎಂಬ ಲೆಕ್ಕ ತಲೆಯಲ್ಲಿರಬೇಕು. ಹಾಗಾಗಿ ಮೊದಲು ಅದು.

ಡ್ರಮ್ಮಿನೊಳಗಿನ ಲೆಕ್ಕ

ಶೇ. 1ರ ಬೋರ್ಡೋ ಎಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತವನ್ನು 50 ಲೀಟರಿನಲ್ಲಿ ಕರಗಿಸಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ತಿರುವಬೇಕು. ಇಷ್ಟು ಎಲ್ಲರಿಗೂ ಗೊತ್ತು.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ಚೆನ್ನಾಗಿ ಕರಗುವ ವಸ್ತು. ನಮ್ಮ ಊರಿನ ಹವೆಯಲ್ಲಿ ಒಂದು ಲೀಟರ್ ನೀರು 300 ಗ್ರಾಂಗಿಂತಲೂ ಹೆಚ್ಚು ಹರಳನ್ನು ಕರಗಿಸಿಕೊಳ್ಳುತ್ತದೆ. ಸುಣ್ಣ ಇದಕ್ಕೆ ತದ್ವಿರುದ್ಧ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಕರಗುವುದು ಸುಮಾರು 1.7 ಗ್ರಾಂ ಅಷ್ಟೇ. ನೀರು ಬಿಸಿಯಾದಷ್ಟೂ ಅದು ಇನ್ನೂ ಕಡಿಮೆ ಕರಗುತ್ತದೆ. ಕುದಿಯುವ ನೀರಿನಲ್ಲಿ ಅರ್ಧಕ್ಕಿಂತ ಕಡಿಮೆ. ಹಾಗಾಗಿ 1 ಕಿಲೋ ಸುಣ್ಣ 50 ಲೀಟರಿನಲ್ಲಿ ‘ಕರಗಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕರಗಿದ್ದು ನೂರು ಗ್ರಾಮೂ ಇಲ್ಲ, ಮಿಕ್ಕಿದ್ದೆಲ್ಲ ಹಾಲಿನಂತೆ ತೇಲುವ ಪುಡಿ.

ಇವೆರಡೂ ಸೇರಿದಾಗ ಹುಟ್ಟುವ ತಿಳಿನೀಲಿ ವಸ್ತು ತಾಮ್ರದ ಹೈಡ್ರಾಕ್ಸೈಡು ಮತ್ತು ಅದರ ಬಳಗ. ಇದು ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು. ಕರಗದಿರುವುದೇ ಅದರ ಗುಣ. ಕಾಯಿಯ ಮೇಲೆ ಒಣಗಿ ಪೊರೆಯಾಗಿ ಕೂತು, ಮಳೆನೀರಿಗೆ ಕಣಕಣವಾಗಿ, ಅತಿ ಜಿಪುಣತನದಿಂದ ತಾಮ್ರ ಬಿಡುತ್ತದೆ. ಆ ಕಿಂಚಿತ್ ತಾಮ್ರವೇ ಕೊಳೆರೋಗದ, ಕರಾವಳಿಯವರ ಮಹಾಳಿಯ, ಈಜುವ ಬೀಜಕಣಗಳಿಗೆ ವಿಷ. ಕರಗಿದ ತಾಮ್ರ ಬೇಗ ಕೆಲಸ ಮಾಡುತ್ತದಲ್ಲ ಎಂದು ಬರೀ ಮೈಲುತುತ್ತದ ನೀರನ್ನೇ ಹೊಡೆದರೆ ಎಳೆಯ ಭಾಗ ಸುಡುತ್ತದೆ, ಉಳಿದದ್ದು ಮೊದಲ ಮಳೆಗೇ ತೊಳೆದುಹೋಗುತ್ತದೆ.

ಜೊತೆಗೆ ಯಾರೂ ಗಮನಿಸದ ನಾಲ್ಕನೆಯದೊಂದು ಇದೆ: ಜಿಪ್ಸಂ. ಮೈಲುತುತ್ತದ ಸಲ್ಫೇಟು ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಆಗುವುದು ಇದೇ. 100 ಲೀಟರ್ ಬೋರ್ಡೋದಲ್ಲಿ ಅರ್ಧ ಕಿಲೋಗೂ ಹೆಚ್ಚು ಜಿಪ್ಸಂ ಹುಟ್ಟುತ್ತದೆ. ಅಷ್ಟು ನೀರಿನಲ್ಲಿ ಕರಗಿ ಇರಬಲ್ಲದ್ದು ಕಾಲು ಕಿಲೋದಷ್ಟು. ಮಿಕ್ಕಿದ್ದು ಎಲ್ಲಿ ಹೋಗುತ್ತದೆ ಎಂಬುದನ್ನು ನೋಝಲ್ಲಿನ ವಿಷಯ ಬಂದಾಗ ನೋಡೋಣ.

ಒಟ್ಟಿನಲ್ಲಿ ಪೂರ್ತಿ ಕರಗಲೇಬೇಕಾದ್ದು ಮೈಲುತುತ್ತ ಒಂದೇ, ಅದೂ ಸುಣ್ಣ ಸೇರುವ ಮೊದಲು. ಉಳಿದದ್ದೆಲ್ಲ ನುಣ್ಣಗೆ ತೇಲಬೇಕು. ಶಾಲೆಯ ಪುಸ್ತಕದಲ್ಲಿ ಇದನ್ನು ನಿಲಂಬನ ಎನ್ನುತ್ತಾರೆ. ಮುಂದಿನ ಲಕ್ಷಣಗಳನ್ನೆಲ್ಲ ಈ ಲೆಕ್ಕದಲ್ಲೇ ಓದಬೇಕು.

ಲಕ್ಷಣ: ಮೈಲುತುತ್ತ ಕರಗದೆ ತಳದಲ್ಲೇ ಕೂತಿದೆ

ರಾತ್ರಿ ನೆನೆಹಾಕಿದ್ದು ಬೆಳಿಗ್ಗೆ ನೋಡಿದರೆ ಅರ್ಧ ಹಾಗೇ ಇದೆ ಎಂಬುದು ಸಾಮಾನ್ಯ ದೂರು. ನೀರು ಸಾಲದೆ ಹೀಗಾಗುವುದಿಲ್ಲ. 1 ಕಿಲೋಗೆ ಮೂರ್ನಾಲ್ಕು ಲೀಟರೇ ಸಾಕು, ನೀವು ಹಾಕಿದ್ದು 50 ಲೀಟರ್.

ತಳದಲ್ಲಿರುವ ಹರಳಿನ ಸುತ್ತಲಿನ ನೀರು ಬೇಗನೆ ತನ್ನ ಪಾಲಿನಷ್ಟನ್ನು ಕರಗಿಸಿಕೊಂಡು ಪರ್ಯಾಪ್ತವಾಗುತ್ತದೆ. ಆ ನೀರು ಭಾರ. ಅಲ್ಲೇ ತಳದಲ್ಲಿ ಕಂಬಳಿ ಹೊದ್ದಂತೆ ಹರಳಿನ ಮೇಲೆ ಕೂತುಬಿಡುತ್ತದೆ. ಮೇಲಿನ ಬರೀ ನೀರು ಹರಳಿನ ಹತ್ತಿರ ಬರುವುದೇ ಇಲ್ಲ. ಎಷ್ಟು ಕರಗಬಲ್ಲದು ಎಂಬುದು ಬೇರೆ, ಎಷ್ಟು ಬೇಗ ಕರಗುತ್ತದೆ ಎಂಬುದು ಬೇರೆ.

ಪರಿಹಾರ ಹಳೆಯದು. ಮೈಲುತುತ್ತವನ್ನು ತೆಳು ಬಟ್ಟೆಯಲ್ಲೋ ಗೋಣಿತಾಟಿನಲ್ಲೋ ಕಟ್ಟಿ, ಡ್ರಮ್ಮಿನ ಬಾಯಿಗೆ ಅಡ್ಡ ಕೋಲಿಟ್ಟು, ಗಂಟು ನೀರಿನ ಮೇಲ್ಭಾಗದಲ್ಲಷ್ಟೇ ಮುಳುಗುವಂತೆ ತೂಗುಹಾಕಿ. ಬೆಳಕಿಗೆ ಹಿಡಿದ ಗಾಜಿನ ಪಾತ್ರೆಯಲ್ಲಿ ಇದನ್ನೇ ಸಣ್ಣದಾಗಿ ಮಾಡಿ ನೋಡಿದರೆ ಬಟ್ಟೆಯಿಂದ ಕಡುನೀಲಿ ಎಳೆಗಳು ಬಳುಕುತ್ತ ನೇರ ತಳಕ್ಕೆ ಇಳಿಯುವುದು ಕಾಣುತ್ತದೆ. ಭಾರದ ನೀರು ಕೆಳಗಿಳಿದಂತೆ ಹೊಸ ನೀರು ತಾನಾಗಿ ಮೇಲೆ ಬಂದು ಹರಳನ್ನು ಮುಟ್ಟುತ್ತದೆ. ಯಾರೂ ತಿರುವಬೇಕಿಲ್ಲ.

ಅವಸರವಿದ್ದರೆ ಹರಳನ್ನು ಕುಟ್ಟಿ ಪುಡಿಮಾಡಿ ಬಿಸಿನೀರಿನಲ್ಲಿ ಕರಗಿಸಬಹುದು. ಆದರೆ ಅದು ಪೂರ್ತಿ ತಣಿಯುವವರೆಗೆ ಸುಣ್ಣದ ಹತ್ತಿರ ತರಬೇಡಿ. ಕಾರಣ ಮುಂದೆ ಬರುತ್ತದೆ. ಕಬ್ಬಿಣದ ಬಾನಿ, ಸತುವಿನ ಲೇಪದ ಬಕೀಟು ಬಳಸಲೇಬಾರದು. ತಾಮ್ರ ಪಾತ್ರೆಗೆ ಹತ್ತಿಕೊಳ್ಳುತ್ತದೆ, ಪಾತ್ರೆ ತೂತಾಗುತ್ತದೆ. ಪ್ಲಾಸ್ಟಿಕ್ಕು, ಮಣ್ಣು, ಮರ ಆಗಬಹುದು.

ಹರಳಿನ ಮೇಲೆ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಹರಳಿನೊಳಗಿನ ನೀರು ಒಣ ಹವೆಗೆ ಹಾರಿದೆ ಅಷ್ಟೇ. ನೀರಿಗೆ ಬಿದ್ದರೆ ಮತ್ತೆ ನೀಲಿ.

ಲಕ್ಷಣ: ಮೊಳೆ ಕೆಂಪಾಯಿತು

ಇದು ಎಲ್ಲಕ್ಕಿಂತ ಮುಖ್ಯ. ಬೆರೆಸಿದ ಮೇಲೆ ಚಾಕು ಅದ್ದಿ ನೋಡುವುದು ಎಲ್ಲ ಕಡೆ ಇದೆ. ಸರಿಯಾಗಿ ನೋಡುವವರು ಕಡಿಮೆ.

ಡ್ರಮ್ಮಿನಲ್ಲಿ ಸುಣ್ಣಕ್ಕೆ ಸಿಗದೆ ಉಳಿದ ಕರಗಿದ ತಾಮ್ರವಿದ್ದರೆ, ಕಬ್ಬಿಣ ಅದಕ್ಕೆ ಸಿಕ್ಕಿದ ಕೂಡಲೇ ಕಬ್ಬಿಣ ನೀರಿಗಿಳಿದು ತಾಮ್ರ ಮೊಳೆಯ ಮೈಗೆ ಅಂಟುತ್ತದೆ. ಸ್ಟೀಲ್ ಚಾಕುವಿನಲ್ಲಿ ಇದನ್ನು ನೋಡಬೇಡಿ. ಅದರ ಮೇಲಿನ ತೆಳು ಪೊರೆ ತಾಮ್ರಕ್ಕೆ ಸುಲಭಕ್ಕೆ ಕಬ್ಬಿಣವನ್ನು ಬಿಟ್ಟುಕೊಡುವುದಿಲ್ಲ, ಔಷಧಿ ಕೆಟ್ಟಿದ್ದರೂ ಚಾಕು ಫಳಫಳ ಹೊಳೆಯುತ್ತಿರುತ್ತದೆ. ಸತುವಿನ ಲೇಪದ ಬಿಳಿ ಮೊಳೆಯೂ ಬೇಡ, ಅದು ಕಪ್ಪಾಗಿ ಗೊಂದಲ ಮಾಡುತ್ತದೆ. ಸಾದಾ ಕಬ್ಬಿಣದ ಮೊಳೆಯನ್ನೋ ಹಳೆಯ ಕತ್ತಿಯನ್ನೋ ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ, ಸೋಪು ಹಾಕಿ ಎಣ್ಣೆ ಜಿಡ್ಡು ತೊಳೆದು, ಒಂದು ನಿಮಿಷ ಅದ್ದಿಡಿ. ತೆಗೆದು ಒದ್ದೆ ಇರುವಾಗಲೇ ನೋಡಿ. ಹೊಸ ತಾಮ್ರದ ಚೊಂಬಿನ ನಸುಗೆಂಪು ಬಂದಿದ್ದರೆ ಔಷಧಿ ಹುಳಿಯಾಗಿದೆ. ಒಣಗಿದ ಮೇಲೆ ಬರುವ ಹಳದಿಮಿಶ್ರಿತ ಕಂದು ಬರೀ ತುಕ್ಕು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಂಶಯ ಉಳಿದರೆ ಅರಿಶಿನ ಇದೆ. ಬಿಳಿ ಕಾಗದಕ್ಕೆ ಅರಿಶಿನದ ನೀರು ಹಚ್ಚಿ ಒಣಗಿಸಿಟ್ಟುಕೊಳ್ಳಿ. ಲೋಟದಲ್ಲಿ ಬೋರ್ಡೋ ತುಂಬಿ ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಗೆ ಕಾಗದ ಮುಟ್ಟಿಸಿ. ಓಕುಳಿಯ ಕೆಂಪು ಬಂದರೆ ಸುಣ್ಣ ಸಾಕಷ್ಟಿದೆ. ಹಳದಿಯೇ ಉಳಿದರೆ ಸಾಲದು. ಗಸಿಗೆ ಮುಟ್ಟಿಸಿದರೆ ಅಲ್ಲೊಂದು ಇಲ್ಲೊಂದು ಸುಣ್ಣದ ಕಾಳು ಸಿಕ್ಕಿ ಸುಳ್ಳು ಕೆಂಪು ಬರಬಹುದು, ಅದಕ್ಕೇ ತಿಳಿ ಎಂದದ್ದು. ಲಿಟ್ಮಸ್ ಕಾಗದ ಇದ್ದವರಿಗೆ ಕೆಲಸ ಇನ್ನೂ ಸುಲಭ: ಕೆಂಪು ಕಾಗದ ನೀಲಿಯಾಗಬೇಕು.

ಸರಿ, ಮೊಳೆ ಕೆಂಪಾಯಿತು. ‘ಒಂದಕ್ಕೊಂದು ತೂಗಿಯೇ ಹಾಕಿದ್ದೇನಲ್ಲ’ ಎಂಬ ಪ್ರಶ್ನೆ ಆಗ ಏಳುತ್ತದೆ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿದರೆ 1 ಕಿಲೋ ಮೈಲುತುತ್ತದ ತಾಮ್ರವನ್ನೆಲ್ಲ ಹಿಡಿಯಲು ಶುದ್ಧ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. ನೀರು ಕುಡಿದು ಅರಳಿದ ಸುಣ್ಣವಾದರೆ 300 ಗ್ರಾಂ. ನಾವು ಹಾಕುವುದು ಮೂರು ಪಟ್ಟಿಗೂ ಹೆಚ್ಚು. ಅಷ್ಟು ಹಾಕಿಯೂ ಸಾಲದಾಯಿತು ಎಂದರೆ ಹಾಕಿದ್ದರಲ್ಲಿ ಬಹುಪಾಲು ಸುಣ್ಣವೇ ಅಲ್ಲ.

ಸುಣ್ಣಕ್ಕೆ ಗಾಳಿ ಶತ್ರು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ. ಗೂಡಿನಲ್ಲಿ ಸುಡುವ ಮೊದಲು ಕಲ್ಲೋ ಚಿಪ್ಪೋ ಆಗಿದ್ದಾಗ ಏನಿತ್ತೋ ಮತ್ತೆ ಅದೇ. ಕಣ್ಣಿಗೆ ಬಿಳಿ ಪುಡಿ, ಕೈಗೆ ಬಿಳಿ ಪುಡಿ, ತೂಕಕ್ಕೂ ಸರಿ. ನೀರಿನಲ್ಲಿ ಕರಗುವುದು ಮಾತ್ರ ಲೀಟರಿಗೆ ಕೆಲವೇ ಮಿಲಿಗ್ರಾಂ. ತಾಮ್ರವನ್ನು ಹಿಡಿಯುವ ಕ್ಷಾರ ಅದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಳೆದ ವರ್ಷ ಉಳಿದ, ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ಹೀಗೇ ಆಗಿರುತ್ತದೆ. ಮನೆಗೆ ಬಳಿಯಲು ತಂದದ್ದರಲ್ಲೂ ನಂಬಿಕೆ ಇಡುವಂತಿಲ್ಲ.

ಹಿಡಿಯುವುದು ಹೇಗೆ? ಒಂದು ಚಮಚ ಸುಣ್ಣವನ್ನು ನೀರಿನಲ್ಲಿ ಕದಡಿ ವಿನೆಗರ್ ಹನಿಸುತ್ತ ಹೋಗಿ. ಒಳ್ಳೆಯ ಸುಣ್ಣ ಸದ್ದಿಲ್ಲದೆ ಕರಗುತ್ತದೆ. ಬುರಬುರನೆ ನೊರೆ ಎದ್ದರೆ ಕಾರ್ಬೊನೇಟು. ಒಂದಿಷ್ಟು ಗುಳ್ಳೆ ಎಲ್ಲ ಸುಣ್ಣದಲ್ಲೂ ಏಳುತ್ತದೆ, ಸೋಡಾ ಬಾಟಲಿ ಬಿಚ್ಚಿದ ಹಾಗೆ ಎದ್ದರೆ ಆ ಚೀಲ ಬಿಡಿ. ಸುಟ್ಟ ಸುಣ್ಣದ ಗಟ್ಟಿಯಾದರೆ ಪರೀಕ್ಷೆಯೇ ಬೇಡ: ನೀರು ಚಿಮುಕಿಸಿದಾಗ ಬಿರಿದು, ಹಬೆಯೆದ್ದು, ಮುಟ್ಟಲಾರದಷ್ಟು ಬಿಸಿಯಾದರೆ ಅದು ಜೀವಂತ. ಸುಮ್ಮನೆ ಒದ್ದೆಯಾಗಿ ಕೂತರೆ ಸತ್ತದ್ದು. ಅರಳುವಾಗ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೊಡ್ಡ ಅನಾಹುತ. ಕನ್ನಡಕ ಹಾಕಿಕೊಂಡೇ ನೀರು ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಇನ್ನೊಂದು ಕಾರಣವೂ ಇದೆ. ಸುಣ್ಣ ಒಳ್ಳೆಯದೇ, ಆದರೆ ಅವಸರದಲ್ಲಿ ಅರಳಿಸಿ ಗಂಟುಗಂಟಾಗಿದೆ. ಗಂಟಿನ ಹೊರಮೈಗೆ ತಾಮ್ರದ ನೀಲಿ ಪೊರೆ ಕಟ್ಟಿದ ಮೇಲೆ ಒಳಗಿನ ಸುಣ್ಣಕ್ಕೆ ಹೊರಗೆ ಬರಲು ದಾರಿ ಇಲ್ಲ. ಗಂಟನ್ನು ಉಗುರಿನಿಂದ ಒಡೆದು ನೋಡಿದರೆ ಮೇಲೆ ನೀಲಿ, ಒಳಗೆ ಬೆಳ್ಳನೆ ಒಣ ಸುಣ್ಣ. ಹಾಗಾಗಿ ಸುಟ್ಟ ಸುಣ್ಣವಾದರೆ ಹಿಂದಿನ ಸಂಜೆಯೇ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಅರಳಿಸಿ, ಮೇಲೆ ನೀರು ನಿಲ್ಲಿಸಿ ಮುಚ್ಚಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಬಳಸಿ. ಮೇಲೆ ಕೆನೆಯಂತೆ ತೆಳ್ಳಗೆ ಕಟ್ಟಿದ್ದು ಕಾರ್ಬೊನೇಟೇ, ತೆಗೆದು ಎಸೆದರಾಯಿತು.

ಈಗಾಗಲೇ ಬೆರೆಸಿದ ಡ್ರಮ್ಮನ್ನು ಚೆಲ್ಲಬೇಕಿಲ್ಲ. ಒಳ್ಳೆಯ ಸುಣ್ಣದ ಸೋಸಿದ ಹಾಲನ್ನು ಚೊಂಬು ಚೊಂಬಾಗಿ ಹಾಕಿ, ಚೆನ್ನಾಗಿ ತಿರುವಿ, ಐದು ನಿಮಿಷ ಬಿಟ್ಟು, ಮತ್ತೆ ತಿಕ್ಕಿದ ಮೊಳೆ ಅದ್ದಿ. ಮೊಳೆ ಬೆಳ್ಳಗೇ ಉಳಿಯುವವರೆಗೆ ಹೀಗೇ. ಒಣ ಸುಣ್ಣದ ಪುಡಿ ಮೇಲಿಂದ ಉದುರಿಸುವುದು ಕೆಟ್ಟ ಅಭ್ಯಾಸ, ಗಂಟಿನ ಕಥೆ ಮತ್ತೆ ಮೊದಲಾಗುತ್ತದೆ.

ಲಕ್ಷಣ: ಬಣ್ಣ ಹಸಿರು, ಇಲ್ಲವೇ ಕಪ್ಪು

ಸರಿಯಾದ ಬೋರ್ಡೋ ಆಕಾಶನೀಲಿ. ಹಸಿರು ತಿರುಗಿದ್ದರೆ ಎರಡು ಸಂಶಯ. ಸುಣ್ಣ ಕಡಿಮೆಯಾದರೂ ಹಸಿರು ಛಾಯೆ ಬರುತ್ತದೆ, ಮೊಳೆ ಹಾಕಿದರೆ ಗೊತ್ತಾಗುತ್ತದೆ. ಮೊಳೆ ಬೆಳ್ಳಗಿದ್ದೂ ಹಸಿರು ಕೊಳಕಾಗಿ, ಹೊತ್ತು ಹೋದಂತೆ ಕಂದಿಗೆ ತಿರುಗಿದರೆ ಮೈಲುತುತ್ತದಲ್ಲಿ ಕಬ್ಬಿಣ ಇದೆ, ಅಂದರೆ ಅನ್ನಭೇದಿ (ಕಬ್ಬಿಣದ ಸಲ್ಫೇಟು) ಬೆರಕೆ. ಅಂಗಡಿಯವನನ್ನು ಬೈಯಲು ನ್ಯಾಯವಾದ ಕಾರಣ ಸಿಗುವುದು ಇಲ್ಲಿ ಮಾತ್ರ.

ಖಾತ್ರಿ ಮಾಡಿಕೊಳ್ಳಲು ಒಂದೆರಡು ಹರಳನ್ನು ಗಾಜಿನ ಲೋಟದಲ್ಲಿ ಕರಗಿಸಿ, ಬಯಲಿನಲ್ಲಿ ನಿಂತು, ಅಮೋನಿಯಾ ನೀರು ಹನಿಸಿ. ಮೊದಲು ತಿಳಿನೀಲಿ ಗಸಿ ಕಟ್ಟುತ್ತದೆ. ಇನ್ನೂ ಹನಿಸಿದರೆ ಗಸಿ ಕರಗಿ ಶಾಯಿಯಂಥ ಕಡುನೀಲಿ ತಿಳಿ. ಶುದ್ಧ ಮೈಲುತುತ್ತವಾದರೆ ತಳದಲ್ಲಿ ಏನೂ ಉಳಿಯುವುದಿಲ್ಲ. ಕೊಳಕು ಹಸಿರು ಅಥವಾ ತುಕ್ಕಿನ ಬಣ್ಣದ ಚೂರುಗಳು ಉಳಿದರೆ ಅದು ಕಬ್ಬಿಣ.

ಕಪ್ಪು ಚುಕ್ಕೆ, ಕಪ್ಪು ಗಸಿ ಬಂದರೆ ಕಾರಣ ಒಂದೇ: ಬಿಸಿ. ತಾಮ್ರದ ಹೈಡ್ರಾಕ್ಸೈಡು ಬಿಸಿಗೆ ನೀರು ಕಳೆದುಕೊಂಡು ಕರಿ ಆಕ್ಸೈಡಾಗುತ್ತದೆ. ಅರಳಿಸಿದ ಸುಣ್ಣ ಆರುವ ಮುನ್ನ ಮೈಲುತುತ್ತ ಸುರಿದವರ ಡ್ರಮ್ಮಿನಲ್ಲಿ ಇದನ್ನು ಕಾಣಬಹುದು. ಅದನ್ನು ಸರಿಮಾಡುವ ದಾರಿ ಇಲ್ಲ.

ಲಕ್ಷಣ: ಬೇಗ ತಳ ಹಿಡಿಯುತ್ತದೆ

ಒಂದು ಲೋಟದಲ್ಲಿ ತುಂಬಿಟ್ಟು ನೋಡಿ. ಚೆನ್ನಾಗಿ ಕೂಡಿದ ಬೋರ್ಡೋ ನಿಧಾನವಾಗಿ ಇಳಿಯುತ್ತದೆ. ಮೇಲಿನ ತಿಳಿ ಬೆರಳಗಲ ಆಗಲೂ ಹೊತ್ತು ಬೇಕು, ಗಸಿ ಮೆತ್ತಗೆ ಲೋಳೆಯಂತಿರುತ್ತದೆ. ಕೆಟ್ಟದ್ದು ಕಣ್ಣೆದುರೇ ಮರಳಿನಂತೆ ತಳ ಸೇರುತ್ತದೆ. ಎರಡರಲ್ಲೂ ತಾಮ್ರ ಅಷ್ಟೇ ಇದೆ, ಮೊಳೆ ಪರೀಕ್ಷೆಯಲ್ಲಿ ಎರಡೂ ಪಾಸು. ಆದರೆ ದಪ್ಪ ಕಣ ಕಾಯಿಗೆ ಅಂಟುವುದಿಲ್ಲ. ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ, ಮಳೆಗೆ ಜಾರುತ್ತದೆ.

ಕಣ ದಪ್ಪಗಾಗುವುದಕ್ಕೆ ದೊಡ್ಡ ಕಾರಣ ಗಟ್ಟಿಯಾಗಿ ಬೆರೆಸುವುದು. ನೀರು ಹೊರುವ ಕೆಲಸ ಉಳಿಸಲು ಹತ್ತು ಲೀಟರಿನಲ್ಲಿ ಮೈಲುತುತ್ತ, ಹತ್ತು ಲೀಟರಿನಲ್ಲಿ ಸುಣ್ಣ ಮಾಡಿ, ಎರಡನ್ನೂ ಒಟ್ಟಿಗೆ ಸುರಿದು, ಆಮೇಲೆ ಎಂಬತ್ತು ಲೀಟರ್ ನೀರು ತುಂಬುವವರಿದ್ದಾರೆ. ಲೆಕ್ಕಕ್ಕೆ ಅದೂ ಶೇ. 1 ಹೌದು. ಔಷಧಿ ಮಾತ್ರ ಬೇರೆಯೇ ವಸ್ತು. ಗಟ್ಟಿಯಲ್ಲಿ ಹುಟ್ಟಿದ ಕಣ ಆ ಕ್ಷಣದಲ್ಲೇ ಮುದ್ದೆಗಟ್ಟುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಅದು ಬಿಡಿಸಿಕೊಳ್ಳುವುದಿಲ್ಲ. ಕರಗುವ ವಸ್ತುವಾಗಿದ್ದರೆ ನೀರು ಮೊದಲು ಹಾಕಿದರೂ ಒಂದೇ, ಕೊನೆಗೆ ಹಾಕಿದರೂ ಒಂದೇ. ಇಲ್ಲಿ ನೀರೆಲ್ಲ ಬೆರೆಸುವ ಮೊದಲೇ ಇರಬೇಕು. ಬುಡಕ್ಕೆ ಬಳಿಯುವ ಶೇ. 10ರ ಪೇಸ್ಟಿನ ಮಾತು ಬೇರೆ, ಅದನ್ನು ಪಂಪಿನಲ್ಲಿ ಹಾರಿಸುವುದಿಲ್ಲ.

ಮೈಲುತುತ್ತದ ನೀರಿಗೆ ಸುಣ್ಣದ ಹಾಲು ಸುರಿಯುವುದೂ ಇದೇ ಬಗೆಯ ತಪ್ಪು. ಸುಣ್ಣದೊಳಗೆ ಮೈಲುತುತ್ತ ಬಿದ್ದರೆ ಪ್ರತಿ ಹನಿಗೂ ಸುತ್ತ ಸುಣ್ಣ ಹೇರಳ, ಕಣ ಅಲ್ಲಲ್ಲೇ ನುಣ್ಣಗೆ ಹುಟ್ಟುತ್ತದೆ. ತಿರುಗಾಮುರುಗಾ ಮಾಡಿದರೆ ಹುಳಿ ನೀರಿನಲ್ಲಿ ಸುಣ್ಣದ ಕಾಳುಗಳಿಗೆ ಪೊರೆ ಕಟ್ಟುತ್ತ ಹೋಗುತ್ತದೆ. ಇಬ್ಬರು ಸಿಕ್ಕರೆ ಎರಡನ್ನೂ ಒಂದೇ ಹದದಲ್ಲಿ ಮೂರನೆಯ ಡ್ರಮ್ಮಿಗೆ ಸುರಿಯುವುದು ಇನ್ನೂ ಒಳ್ಳೆಯದು.

ನಿನ್ನೆ ಉಳಿದದ್ದು ಇವತ್ತು ಬೇಗ ತಳ ಹಿಡಿದರೆ ಆಶ್ಚರ್ಯವಿಲ್ಲ. ಹೊತ್ತು ಹೋದಂತೆ ಲೋಳೆ ಹರಳಾಗುತ್ತದೆ. ಬೆರೆಸಿದ ದಿನವೇ ಮುಗಿಸಬೇಕು ಎನ್ನುವುದು ಇದಕ್ಕೇ. ಬೆರೆಸದೆ ಬೇರೆ ಬೇರೆ ಇಟ್ಟ ಮೈಲುತುತ್ತದ ನೀರು, ಮುಚ್ಚಿಟ್ಟ ಸುಣ್ಣದ ಹಾಲು ದಿನಗಟ್ಟಲೆ ಕೆಡುವುದಿಲ್ಲ. ಮೋಡ ನೋಡಿ ಅರ್ಧ ಮಾತ್ರ ಬೆರೆಸುವ ಜಾಣತನ ಇದ್ದರೆ ನಷ್ಟ ತಪ್ಪುತ್ತದೆ.

ಲಕ್ಷಣ: ನೋಝಲ್ ಕಟ್ಟುತ್ತಿದೆ

ಮರದ ತುದಿಯಿಂದ ‘ಬರ್ತಾ ಇಲ್ರೋ, ಕಟ್ತು!’ ಎಂಬ ಕೂಗು ಕೇಳಿದ ಕೂಡಲೇ ಪಿನ್ನು ಚುಚ್ಚಿ ಬಿಡಿಸಿ ಮೇಲೆ ಕಳಿಸುವ ಬದಲು, ಕಟ್ಟಿದ್ದು ಏನು ಎಂದು ಒಮ್ಮೆ ಬೆರಳಿನಲ್ಲಿ ತಿಕ್ಕಿ ನೋಡಿ. ಐದು ನಿಮಿಷದ ಕೆಲಸ, ದಿನವಿಡೀ ಉಳಿತಾಯ.

ಚುಚ್ಚುವಂತೆ ಗರಗರ ಎಂದರೆ ಮರಳು, ಇಲ್ಲವೇ ಅರಳದ ಸುಣ್ಣದ ಕಾಳು. ಸೋಸುವ ಬಟ್ಟೆ ಹರಿದಿದೆ, ಅಥವಾ ಸೋಸಿಯೇ ಇಲ್ಲ. ಅಂಟಂಟಾಗಿ ಕೈಗೆ ಹತ್ತಿದರೆ ರಾಳ. ಅಂಟಿಗೆಂದು ರಾಳವನ್ನು ವಾಷಿಂಗ್ ಸೋಡಾದ ಜೊತೆ ಕುದಿಸಿ ಸೇರಿಸುತ್ತೇವಲ್ಲ, ಅದು ಒಂದು ಬಗೆಯ ಸೋಪು. ಸುಣ್ಣದ ಕ್ಯಾಲ್ಸಿಯಂ ಸಿಕ್ಕಿದಾಗ ನೀರಿನಲ್ಲಿ ಕರಗದ ಅಂಟಾಗುತ್ತದೆ. ಕಾಯಿಗೆ ಹಿಡಿಯುವುದೂ ಆ ಗುಣದಿಂದಲೇ. ಆದರೆ ಗಟ್ಟಿ ರಾಳವನ್ನು ಒಮ್ಮೆಲೇ ಸುರಿದರೆ ಮೊಸರು ಒಡೆದ ಹಾಗೆ ಮುದ್ದೆಯಾಗಿ ಪೈಪು ಸೇರುತ್ತದೆ. ಚೆನ್ನಾಗಿ ನೀರು ಮಾಡಿ, ಕೊನೆಯಲ್ಲಿ, ತಿರುವುತ್ತ ಹಾಕಿ.

ಬಿಸಿಲಿಗೆ ಹಿಡಿದಾಗ ಸೂಜಿಯಂತೆ ಮಿಂಚುವ ಸಣ್ಣ ಹರಳು ಕಂಡರೆ ಅದು ಆಗ ಬಾಕಿ ಉಳಿಸಿದ ಜಿಪ್ಸಂ. ಹೊಸದಾಗಿ ಬೆರೆಸಿದಾಗ ನೀರಿನಲ್ಲಿ ಹಿಡಿಸುವುದಕ್ಕಿಂತ ಹೆಚ್ಚೇ ಇರುತ್ತದೆ, ಆದರೆ ನುಣ್ಣಗೆ. ಡ್ರಮ್ಮು ಸುಮ್ಮನೆ ನಿಂತಷ್ಟು ಹೊತ್ತೂ ಹರಳು ಬೆಳೆಯುತ್ತದೆ. ಊಟಕ್ಕೆ ಹೋಗಿ ಬಂದ ಮೇಲೆ ನೋಝಲ್ ಕಟ್ಟಲು ಶುರುವಾದರೆ ಅನುಮಾನ ಇದರ ಮೇಲೆ.

ಕೈಯಲ್ಲಿ ತಿಳಿಯದಿದ್ದರೆ ನೋಝಲ್ಲನ್ನು ವಿನೆಗರಿನಲ್ಲಿ ಹಾಕಿ. ನೀಲಿ ಕರಗಿ ದ್ರವ ಹಸಿರುನೀಲಿ ಆದರೆ ಒಣಗಿದ ತಾಮ್ರದ ಗಸಿ; ನಿನ್ನೆ ಪಂಪು ತೊಳೆದಿಲ್ಲ. ಗುಳ್ಳೆ ಎದ್ದರೆ ಕಾರ್ಬೊನೇಟು, ಸುಣ್ಣ ಹಳೆಯದು. ಎರಡೂ ಆಗದೆ ಹಾಗೇ ಕೂತಿದ್ದರೆ ಜಿಪ್ಸಮ್ಮೋ ಮರಳೋ. ಅವಕ್ಕೆ ವಿನೆಗರ್ ನಾಟುವುದಿಲ್ಲ. ಜಿಪ್ಸಂ ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲೇ ಕರಗುತ್ತದೆ, ಹಾಗಾಗಿ ರಾತ್ರಿಯಿಡೀ ಬಕೀಟು ತುಂಬ ಸಾದಾ ನೀರಿನಲ್ಲಿ ಬಿಟ್ಟು ಬ್ರಷ್ಷಿನಿಂದ ಉಜ್ಜುವುದೇ ಉಪಾಯ. ಹಿತ್ತಾಳೆಯ ನೋಝಲ್ಲನ್ನು ವಿನೆಗರಿನಲ್ಲಿ ಹೊತ್ತುಗಟ್ಟಲೆ ಮರೆತು ಬಿಡಬೇಡಿ, ಅದರಲ್ಲೂ ತಾಮ್ರವಿದೆ.

ಲಕ್ಷಣ: ಡ್ರಮ್ಮು ಸರಿ ಇತ್ತು, ಆದರೂ ಕೊಳೆ ಬಂತು

ಬಣ್ಣ ಸರಿ, ಮೊಳೆ ಬೆಳ್ಳಗೆ, ನೋಝಲ್ ಒಮ್ಮೆಯೂ ಕಟ್ಟಿಲ್ಲ. ಆದರೂ ಮರದ ಬುಡದಲ್ಲಿ ಕಾಯಿ ಉದುರಿದೆ. ಈಗ ಉದುರಿದ ಕಾಯಿಗಳನ್ನೇ ಓದಬೇಕು. ಕೊಳೆ ಸಾಮಾನ್ಯವಾಗಿ ಶುರುವಾಗುವುದು ತೊಟ್ಟಿನ ಹತ್ತಿರ, ನೀರು ನೆಂದಂಥ ಕಡುಹಸಿರು ಕಲೆಯಾಗಿ. ಆ ಕಾಯಿಯ ಮೇಲೆ ನೀಲಿಬಿಳಿ ಗುರುತು ಇದೆಯೇ? ಎಲ್ಲಿದೆ?

ಗುರುತೇ ಇಲ್ಲದಿದ್ದರೆ ತೊಳೆದುಹೋಗಿದೆ ಅಥವಾ ಬಿದ್ದೇ ಇಲ್ಲ. ಬೋರ್ಡೋದ ಲೋಳೆ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಲೋಳೆಯಾಗುವುದಿಲ್ಲ, ಮಳೆಗೆ ತಡೆಯುತ್ತದೆ. ಒಣಗುವ ಮೊದಲೇ ಜಡಿಮಳೆ ಹೊಡೆದರೆ ನುಣುಪು ಕಾಯಿಯಿಂದ ಹಾಗೇ ಇಳಿದುಹೋಗುತ್ತದೆ. ಅದಕ್ಕೆ ಮದ್ದು ಇಲ್ಲ, ಮತ್ತೊಮ್ಮೆ ಹೊಡೆಯಬೇಕು. ಗುರುತು ಕಾಯಿಯ ಹೊಟ್ಟೆಯ ಮೇಲಿದ್ದು ತೊಟ್ಟಿನ ಸಂದಿ ಬರಿದಾಗಿದ್ದರೆ ಹೊಡೆದವರ ಕೈ ಒಂದೇ ಕಡೆಯಿಂದ ಆಡಿದೆ. ಒಂದು ಸಾಲಿನ ಮರಗಳಲ್ಲಿ ದಟ್ಟ ನೀಲಿ, ಇನ್ನೊಂದು ಸಾಲಿನಲ್ಲಿ ಪೇಲವ ಎಂದಾದರೆ ಡ್ರಮ್ಮಿನ ಬಳಿ ಕೋಲು ಹಿಡಿದು ತಿರುವುತ್ತ ಕೂರಬೇಕಾದ ಹುಡುಗ ಎಲ್ಲಿ ಹೋಗಿದ್ದ ಎಂದು ಕೇಳಿ. ತೇಲುವ ಔಷಧಿಯನ್ನು ತಿರುವದೆ ಎಳೆದರೆ ಒಂದು ಮರಕ್ಕೆ ಗಸಿ, ಇನ್ನೊಂದಕ್ಕೆ ಬರೀ ಸುಣ್ಣದ ತಿಳಿ.

ಹದದ ಲೆಕ್ಕವನ್ನೂ ಒಮ್ಮೆ ನೋಡಿ. ಪೇಟೆಯಲ್ಲಿ ಸಿಗುವ ದೊಡ್ಡ ಡ್ರಮ್ಮು 200 ಲೀಟರಿನದು. ಅದನ್ನು ಕಂಠದವರೆಗೆ ತುಂಬಿ ಒಂದೊಂದೇ ಕಿಲೋ ಹಾಕಿದರೆ ಶೇ. 0.5 ಆಯಿತು. ಕಾಫಿಯ ಎಲೆ ತುಕ್ಕಿಗೆ ಅದು ಸರಿಯಾದ ಹದ, ಆಷಾಢದ ಮಳೆಯಲ್ಲಿ ಅಡಿಕೆಗೆ ಸಾಲದು. ಮೈಲುತುತ್ತದ ತೂಕದಲ್ಲಿ ಕಾಲು ಪಾಲು ಮಾತ್ರ ತಾಮ್ರ, ಹಾಗಾಗಿ ಶೇ. 1ರ ಬೋರ್ಡೋದಲ್ಲೂ ನಿಜವಾದ ತಾಮ್ರ 100 ಲೀಟರಿಗೆ ಸುಮಾರು 250 ಗ್ರಾಂ. ಅದರಲ್ಲೂ ಅರ್ಧ ಮಾಡಿದರೆ ಪೊರೆ ಎಷ್ಟು ದಿನ ತಾಳೀತು?

ಬೇರೆ ಕೀಟನಾಶಕಗಳನ್ನು ಇದೇ ಡ್ರಮ್ಮಿಗೆ ಸೇರಿಸಿ ಒಂದೇ ಕೂಲಿಯಲ್ಲಿ ಎರಡು ಕೆಲಸ ಮುಗಿಸುವ ಆಸೆ ಇದ್ದರೆ ಬಿಡಿ. ಬೋರ್ಡೋ ಗಟ್ಟಿ ಕ್ಷಾರ. ಹಲವು ಔಷಧಿಗಳು ಅದರಲ್ಲಿ ಒಡೆದು ನಿಷ್ಪ್ರಯೋಜಕವಾಗುತ್ತವೆ, ಕೆಲವು ತಾಮ್ರವನ್ನೂ ಹಾಳುಮಾಡುತ್ತವೆ.

ಗುರುತು ನೋಡಿ ಓದುವ ಈ ಪದ್ಧತಿ ಔಷಧಿಯಷ್ಟೇ ಹಳೆಯದು. ಫ್ರಾನ್ಸಿನ ಬೋರ್ಡೋ ಬಳಿಯ ಮೆಡಾಕ್‌ನಲ್ಲಿ ರಸ್ತೆ ಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ರೈತರು ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ನೀಲಿ ಬಳಿದ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗಲದೆ ಎಲೆ ಉಳಿದದ್ದನ್ನು ಸಸ್ಯಶಾಸ್ತ್ರಜ್ಞ ಮಿಲಾರ್ಡೆ 1882ರಲ್ಲಿ ಗಮನಿಸಿ, 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಮೂಲ ಹುಡುಕಿ 1910ರಲ್ಲಿ ತಮ್ಮ ಅಧ್ಯಯನ ಹೊರತಂದರು. ಅಡಿಕೆ ತೋಟಕ್ಕೆ ಬೋರ್ಡೋ ಹೊಕ್ಕಿದ್ದು ಆ ದಾರಿಯಲ್ಲಿ. ಅದಕ್ಕೂ ಮೊದಲಿನ ಉಪಾಯ ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವುದು. ಈಗಲೂ ಶಿರಸಿ, ಸಿದ್ದಾಪುರದ ಕಡೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರಿದ್ದಾರೆ. ಅವರಿಗೆ ಈ ಬರಹದ ಅಗತ್ಯವಿಲ್ಲ.

ಉಳಿದ ಬೋರ್ಡೋ ಮತ್ತು ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ, ಕೆರೆಗೆ ಬಿಡಬೇಡಿ. ಮೀನಿಗೆ ತಾಮ್ರ ಬಹಳ ಸ್ವಲ್ಪವೇ ಸಾಕು, ಹುಳಿ ಉಳಿದ ಡ್ರಮ್ಮಿನದಾದರೆ ಇನ್ನೂ ಅಪಾಯ. ಅದಕ್ಕೆ ಒಂದು ಚೊಂಬು ಸುಣ್ಣದ ಹಾಲು ಹಾಕಿ ತಿರುವಿ, ಗಸಿ ಇಳಿಯಲು ಬಿಟ್ಟು, ನೀರಿನ ದಾರಿಯಿಂದ ದೂರದ ಒಣ ಜಾಗದಲ್ಲಿ ಗುಂಡಿ ತೋಡಿ ಹಾಕಿ ಮುಚ್ಚಿ. ಮೈಲುತುತ್ತದ ಪೊಟ್ಟಣವನ್ನು ಅಡುಗೆಮನೆಯ ಪಾತ್ರೆಯಲ್ಲಿ ಎತ್ತಿಡಬೇಡಿ. ಸುಣ್ಣದ ಚೀಲ ಉಳಿದರೆ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ತಂದ ತಿಂಗಳು ಬರೆದಿಡಿ. ಎರಡನೆಯ ಸುತ್ತಿಗೆ ಬಿಚ್ಚಿದಾಗ ಮೊದಲ ಕೆಲಸ ಒಂದು ಚಮಚಕ್ಕೆ ವಿನೆಗರ್ ಹನಿಸುವುದು.